ಸಿಯಾಟಲ್‌ನ ಪಾತಿಗಳು, ಬೆಂಗಳೂರಿನ ಪಾರ್ಕುಗಳು

ಗಿಡದ ಮೇಲಿನ ಪ್ರೀತಿಯಲ್ಲಿ ಬೆಂಗಳೂರಿನವರನ್ನು ಮೀರಿಸುವವರನ್ನು ನಾನಂತೂ ಕಂಡಿಲ್ಲ. ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನಕ್ಕೆ ವರ್ಷಕ್ಕೆರಡು ಸಲ ಜನ ಮುಗಿಬೀಳುತ್ತಾರೆ. ಬಾಡಿಗೆ ಮನೆಯ ಪುಟ್ಟ ಬಾಲ್ಕನಿಯಲ್ಲೂ ತುಳಸಿ, ದೊಡ್ಡಪತ್ರೆ, ಪುದೀನ ಇರುತ್ತವೆ. ತಾರಸಿ ಮೇಲೆ ಪೇಂಟ್ ಡಬ್ಬದಲ್ಲಿ, ಒಡೆದ ಬಕೆಟ್ಟಿನಲ್ಲಿ ಟೊಮೆಟೊ ಬೆಳೆಯುವವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಆದರೂ ಎದುರುಮನೆಯವರ ಹೆಸರು ಗೊತ್ತಿಲ್ಲದ ಬೀದಿಗಳು ಅಲ್ಲಿ ಜಾಸ್ತಿಯಾಗುತ್ತಿವೆ. ನಾನಿರುವ ಅಮೆರಿಕದ ಸಿಯಾಟಲ್‌ನ ತೋಟದಲ್ಲಿ ಕಥೆ ಉಲ್ಟಾ. ಕೊತ್ತಂಬರಿ ಬೀಜ ಎಷ್ಟು ಆಳಕ್ಕೆ ಹಾಕಬೇಕು ಅಂತ ಗೊತ್ತಿಲ್ಲದವರೂ ಇಲ್ಲಿದ್ದಾರೆ, ಆದರೆ ಒಬ್ಬರಿಗೊಬ್ಬರು ಚೆನ್ನಾಗಿ ಗೊತ್ತು.

ಇಲ್ಲಿನ ಸಾಮೂಹಿಕ ತೋಟಗಳನ್ನು ಪಿ-ಪ್ಯಾಚ್ ಅನ್ನುತ್ತಾರೆ. 1970ರ ಹೊತ್ತಿಗೆ ವಿಮಾನ ತಯಾರಿಸುವ ಬೋಯಿಂಗ್ ಕಂಪನಿ ಇಲ್ಲಿ ಸಾವಿರಾರು ಜನರನ್ನು ಕೆಲಸದಿಂದ ತೆಗೆದಿತ್ತು. ಇಡೀ ಊರಿಗೇ ಕಷ್ಟಕಾಲ. ಆಗ ಒಬ್ಬ ವಿದ್ಯಾರ್ಥಿನಿ, ಇಟಲಿ ಮೂಲದ ಪಿಕಾರ್ಡೊ ಮನೆತನದವರ ತರಕಾರಿ ಹೊಲದಲ್ಲಿ ಸ್ವಲ್ಪ ಜಾಗ ಕೇಳಿ ಪಡೆದು, ಹಸಿದವರಿಗೆ ಕೊಡೋಣವೆಂದು ತರಕಾರಿ ಬೆಳೆಸಿದಳು. ಅಕ್ಕಪಕ್ಕದ ಮನೆಯವರು ಕೈಜೋಡಿಸಿದರು. 1973ರಲ್ಲಿ ನಗರಾಡಳಿತ ಅದನ್ನು ತನ್ನದೇ ಕಾರ್ಯಕ್ರಮ ಮಾಡಿಕೊಂಡಿತು. ಹೆಸರಿನ ಆ ಪಿ ಪಿಕಾರ್ಡೊ ಅವರದ್ದು. ಈಗ ಊರ ತುಂಬ ಸುಮಾರು 90 ತೋಟಗಳಿವೆ. ಇವತ್ತಿಗೂ ಬೆಳೆದದ್ದರಲ್ಲಿ ಒಂದು ಪಾಲು, ಇಲ್ಲದವರಿಗೆ ಪುಕ್ಕಟೆ ಆಹಾರ ಹಂಚುವ ಫುಡ್ ಬ್ಯಾಂಕುಗಳಿಗೆ ಹೋಗುತ್ತದೆ. ಇನ್ನೊಂದು ಮಾತು ಹೇಳಲೇಬೇಕು. ಇವನ್ನು ನೋಡಿಕೊಳ್ಳುವುದು ಪಾರ್ಕುಗಳ ಇಲಾಖೆಯಲ್ಲ, ನೆರೆಹೊರೆಗಳಿಗೆಂದೇ ಇರುವ ಇಲಾಖೆ. ಇಲ್ಲಿ ಬೆಳೆಯಬೇಕಾದದ್ದು ಬರೀ ಸೊಪ್ಪಲ್ಲ ಅನ್ನುವುದು ಆಡಳಿತಕ್ಕೂ ಗೊತ್ತಿದೆ.

ಪ್ರತಿ ಮನೆಗೆ ಒಂದು ಪಾತಿ, ವರ್ಷಕ್ಕಿಷ್ಟು ಅಂತ ಶುಲ್ಕ. ರಾಸಾಯನಿಕ ಗೊಬ್ಬರ, ಔಷಧಿ ಹಾಕುವಂತಿಲ್ಲ. ಬೆಳೆದದ್ದನ್ನು ಮಾರುವಂತಿಲ್ಲ. ಇದೆಲ್ಲ ಸರಿ. ಆದರೆ ನನ್ನ ಲೆಕ್ಕದಲ್ಲಿ ಜನರನ್ನು ಹತ್ತಿರ ತರುವ ನಿಯಮ ಬೇರೆಯೇ ಇದೆ. ಪಾತಿ ಪಡೆದವರೆಲ್ಲ ವರ್ಷಕ್ಕೆ ಇಷ್ಟು ಗಂಟೆ ತೋಟದ ಸಾಮೂಹಿಕ ಕೆಲಸ ಮಾಡಲೇಬೇಕು.

ಆ ಕೆಲಸದ ದಿನಗಳನ್ನು ನೋಡಬೇಕು ನೀವು. ಗೇಟಿನ ಹತ್ತಿರ ಮರದ ಚಕ್ಕೆಯ ದೊಡ್ಡ ಗುಡ್ಡೆ ಸುರಿದಿರುತ್ತದೆ. ಅದನ್ನು ಕೈಗಾಡಿಗೆ ತುಂಬಿ ಪಾತಿಗಳ ನಡುವಿನ ದಾರಿಗೆಲ್ಲ ಹಾಸಬೇಕು. ನಾನು ಸಲಿಕೆಯಲ್ಲಿ ತುಂಬುತ್ತೇನೆ, ನಿವೃತ್ತ ಬಸ್ ಡ್ರೈವರ್ ಒಬ್ಬರು ತಳ್ಳುತ್ತಾರೆ, ಕಾಲೇಜು ಹುಡುಗಿಯೊಬ್ಬಳು ಕುಂಟೆಯಲ್ಲಿ ಹರಡುತ್ತಾಳೆ. ಇನ್ನೊಂದು ಕಡೆ ಕಾಂಪೋಸ್ಟ್ ಮಗುಚುವವರು. ಮಾರ್ಚ್ ತಿಂಗಳ ಚಳಿಯಲ್ಲಿ ಗುಡ್ಡೆ ತಿರುವಿದಾಗ ಒಳಗಿಂದ ಬಿಸಿ ಹಬೆ ಏಳುತ್ತದೆ. ಎಲ್ಲರೂ ಗ್ಲೌಸ್ ಬಿಚ್ಚಿ ಕೈ ಕಾಯಿಸಿಕೊಳ್ಳುತ್ತಾರೆ. ಆಗ ಮಾತು ತಾನಾಗಿಯೇ ಶುರುವಾಗುತ್ತದೆ. ಯಾರ ಮನೆಯಲ್ಲಿ ಆಪರೇಷನ್, ಯಾರ ಮಗನಿಗೆ ಕೆಲಸ ಹೋಯಿತು, ಎಲ್ಲ ಅಲ್ಲೇ ಗೊತ್ತಾಗುವುದು. ಹಿಂದೆ ನಮ್ಮಲ್ಲಿ ಬೀದಿ ನಲ್ಲಿಯ ಸುತ್ತ ಹೀಗೇ ಆಗುತ್ತಿತ್ತು ಅಲ್ವಾ? ಕೊಡ ತುಂಬುವ ತನಕ ಇಡೀ ಬೀದಿಯ ಕಷ್ಟಸುಖ.

ಸಿಯಾಟಲ್ ಅಂದರೆ ಸದಾ ಮಳೆ ಅನ್ನುತ್ತಾರೆ. ಆದರೆ ಜುಲೈ, ಆಗಸ್ಟಿನಲ್ಲಿ ಇಲ್ಲಿ ಹನಿ ನೀರು ಬೀಳುವುದೇ ಅಪರೂಪ. ನಾವು ಊರಿಗೆ ಹೊರಡುವುದೂ ಮಕ್ಕಳಿಗೆ ರಜೆ ಇರುವ ಆಗಲೇ. ನಮ್ಮ ದಂಟು, ಮೆಂತ್ಯಕ್ಕೆ ನೀರು ಹಾಕುವುದು ಪಕ್ಕದ ಪಾತಿಯ ಇಥಿಯೋಪಿಯಾದ ಅಜ್ಜಿ. ಅವರ ಅಡುಗೆಯಲ್ಲಿ ಮೆಂತ್ಯ ಕಾಳಿಗೆ ದೊಡ್ಡ ಜಾಗವಿದೆ. ಸೊಪ್ಪನ್ನು ಬೇಳೆಗೆ ಹಾಕುತ್ತೇವೆ ಅಂದಾಗ ಅವರು ಒಂದೆಲೆ ಕಿತ್ತು ಬಾಯಿಗೆ ಹಾಕಿಕೊಂಡು, ಕಹಿಗೆ ಮುಖ ಕಿವುಚಿ, ಇನ್ನೂ ನಾಲ್ಕು ಕಿತ್ತು ಮಡಿಲಿಗೆ ಹಾಕಿಕೊಂಡರು. ಅವರು ಕೊಟ್ಟ, ಎಲೆಕೋಸಿನ ಜಾತಿಯ ಕೊಲಾರ್ಡ್ ಸೊಪ್ಪಿಗೆ ನಾವು ತೆಂಗಿನಕಾಯಿ ಹಾಕಿ ಪಲ್ಯ ಮಾಡುತ್ತೇವೆ.

ಜಗಳಗಳೂ ಆಗುತ್ತವೆ. ಒಬ್ಬರ ಕುಂಬಳ ಬಳ್ಳಿ ಇನ್ನೊಬ್ಬರ ಪಾತಿಗೆ ನುಗ್ಗುತ್ತದೆ. ಕಳೆ ಕೀಳದೆ ಬಿಟ್ಟವರ ಪಾತಿಯಿಂದ ಸ್ಲಗ್ ಎಂಬ ಚಿಪ್ಪಿಲ್ಲದ ಬಸವನಹುಳು ರಾತ್ರೋರಾತ್ರಿ ಎಲ್ಲರ ಸಸಿ ಮೇಯುತ್ತದೆ. ಸಿಟ್ಟು ಬಂದರೂ ಎದುರು ನಿಂತು ಮಾತಾಡಲೇಬೇಕು, ಯಾಕಂದರೆ ಪೈಪು ಒಂದೇ, ಗುದ್ದಲಿ ಇಡುವ ಶೆಡ್ಡೂ ಒಂದೇ.

ಬೆಂಗಳೂರಿನಲ್ಲಿ ಕೊರತೆ ಇರುವುದು ಇದೊಂದೇ. ತಾರಸಿ ತೋಟ ಒಳ್ಳೆಯದೇ, ಆದರೆ ಅದು ನಮ್ಮ ಮನೆ, ನಮ್ಮ ಮೆಟ್ಟಿಲು, ನಮ್ಮ ಕುಂಡ. ಅಪಾರ್ಟ್‌ಮೆಂಟಿನಲ್ಲಾದರೆ ಸೋರುತ್ತೆ ಅನ್ನುವ ಭಯಕ್ಕೆ ತಾರಸಿಗೇ ಬೀಗ. ಪಾರ್ಕಿನಲ್ಲಿ ಗಿಡ ಮುಟ್ಟಬೇಡಿ, ಹುಲ್ಲು ತುಳಿಯಬೇಡಿ ಅನ್ನುವ ಬೋರ್ಡು. ಗುತ್ತಿಗೆದಾರನ ಆಳುಗಳು ಹುಲ್ಲು ಕತ್ತರಿಸಿ ಹೋಗುತ್ತಾರೆ, ನಾವು ಸುಮ್ನೆ ಸುತ್ತು ಹೊಡೆದು ಮನೆಗೆ ಬರುತ್ತೇವೆ. ಜನರಿಗೆ ಸೇರುವ ಆಸೆ ಇಲ್ಲ ಅಂತಲ್ಲ. ತಾರಸಿ ತೋಟದವರೇ ಕಟ್ಟಿದ ‘ಊಟ ಫ್ರಮ್ ಯುವರ್ ತೋಟ’ ಸಂತೆಯಲ್ಲಿ ಬೀಜ ಬದಲಾಯಿಸಿಕೊಳ್ಳುವವರ ಉತ್ಸಾಹ ನೋಡಿದರೆ ಗೊತ್ತಾಗುತ್ತದೆ. ಆದರೆ ಸಂತೆ ಮುಗಿದ ಮೇಲೆ ಎಲ್ಲರೂ ಅವರವರ ತಾರಸಿಗೆ.

ಬಿಡಿಎ ಬಡಾವಣೆಗಳಲ್ಲಿ ಶೇ 15ರಷ್ಟು ಜಾಗ ಪಾರ್ಕು, ಮೈದಾನಕ್ಕೆ ಬಿಡಬೇಕು ಎಂದು ಕಾನೂನೇ ಹೇಳುತ್ತದೆ. ಅದರಲ್ಲಿ ಪ್ರತಿ ದೊಡ್ಡ ಪಾರ್ಕಿನ ಒಂದು ಮೂಲೆಯನ್ನು ಬಡಾವಣೆಯವರಿಗೆ ಪಾತಿ ಮಾಡಿ ಕೊಡಲಿ. ಮಾಲೀಕತ್ವ ಬೇಡ, ಬೇಲಿ ಬೇಡ, ಬರೀ ವರ್ಷದ ಕರಾರು. ಸಾಮೂಹಿಕ ಕೆಲಸ ಮಾಡದವರ ಪಾತಿ ಸರದಿಯಲ್ಲಿ ಕಾಯುತ್ತಿರುವವರಿಗೆ ಹೋಗಲಿ. ಬಾಡಿಗೆ ಮನೆಯವರಿಗೂ, ಮನೆಗೆಲಸಕ್ಕೆ ಬರುವವರಿಗೂ ಅದೇ ಸರದಿ ಇರಬೇಕು, ಇದನ್ನು ಒತ್ತಿ ಹೇಳುತ್ತೇನೆ. ಸೈಟು ಇರುವವರದ್ದೇ ಕೂಟವಾದರೆ ಇನ್ನೊಂದು ಕ್ಲಬ್ ಆಗುತ್ತದೆ ಅಷ್ಟೇ.

‘ಕದ್ದುಕೊಂಡು ಹೋಗುತ್ತಾರೆ’ ಅನ್ನುವ ಮಾತು ಬಂದೇ ಬರುತ್ತದೆ. ಇಲ್ಲೂ ಕದಿಯುತ್ತಾರೆ. ಸಿಯಾಟಲ್‌ನ ಬೀಕನ್ ಹಿಲ್‌ನಲ್ಲಿ ಹಣ್ಣು, ತರಕಾರಿಯ ಒಂದು ದೊಡ್ಡ ತೋಟವಿದೆ. ಅಲ್ಲಿ ದಾರಿಹೋಕರು ಯಾರು ಬೇಕಾದರೂ ಕಿತ್ತುಕೊಳ್ಳಬಹುದು, ಆ ತೋಟ ಇನ್ನೂ ನಡೆಯುತ್ತಿದೆ. ನೀರಿನ ಪ್ರಶ್ನೆ ಅದಕ್ಕಿಂತ ಗಟ್ಟಿ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಬಡಾವಣೆಯಲ್ಲಿ ಕಾವೇರಿ ನೀರನ್ನು ಪಾತಿಗೆ ಹಾಯಿಸಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಹಾಗಾಗಿ ಮಳೆನೀರಿನ ತೊಟ್ಟಿ ಇರುವ ಪಾರ್ಕಿನಲ್ಲೇ ಮೊದಲ ಪಾತಿಗಳನ್ನು ಶುರು ಮಾಡೋಣ. ಜೂನ್ ಮಳೆಗೆ ಹರಿವೆ, ದಂಟು, ಬೆಂಡೆ ಹಾಕಬಹುದು. ಇಲ್ಲಿ ನಮಗೆ ಸಿಗುವುದು ಬರೀ ನಾಲ್ಕೈದು ತಿಂಗಳ ಬೆಚ್ಚಗಿನ ಕಾಲ. ಬೆಂಗಳೂರಿಗೆ ವರ್ಷವಿಡೀ ಇದೆ.