ನೆಲ್ಲಿ ಮರಕ್ಕೆ ಮೊಳೆ ಬೇಕಿಲ್ಲ

ಕಾಯಿ ಬಿಡದ ನೆಲ್ಲಿ ಮರ ‘ಗಂಡು ಮರ’, ಕಾಂಡಕ್ಕೆ ಕಬ್ಬಿಣದ ಮೊಳೆ ಹೊಡೆದರೆ ಕಾಯಿ ಬಿಡುತ್ತದೆ. ಶಿರಸಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ಇದು ನಿಜವಲ್ಲ.

ನೆಲ್ಲಿಯಲ್ಲಿ ಗಂಡು ಮರ, ಹೆಣ್ಣು ಮರ ಅಂತ ಬೇರೆ ಬೇರೆ ಇಲ್ಲ. ಒಂದೇ ಮರದಲ್ಲಿ ಎರಡೂ ಹೂ ಇರುತ್ತವೆ. ಹೂ ಬಿಟ್ಟಾಗ ಒಂದು ಸಣ್ಣ ಕಡ್ಡಿ ಬಗ್ಗಿಸಿ ನೋಡಿ. ಹಸಿರು-ಹಳದಿ ಹೂಗಳಲ್ಲಿ ಗಂಡು ಹೂವೇ ಜಾಸ್ತಿ. ತುದಿಯ ಕಡೆ ಅಲ್ಲೊಂದು ಇಲ್ಲೊಂದು ಹೆಣ್ಣು ಹೂ, ನಡುವೆ ಪುಟ್ಟ ಗುಂಡು ಉಬ್ಬು.

ಹಾಗಾದರೆ ಮೊಳೆ ಹೊಡೆದ ಮೇಲೆ ಕಾಯಿ ಬಂದಿದ್ದು ಹೇಗೆ? ಬೇಸಿಗೆಯ ಶುರುವಿನಲ್ಲಿ ಕಚ್ಚಿದ ಮಿಡಿ ತಿಂಗಳುಗಟ್ಟಲೆ ಬೆಳೆಯದೆ ಸುಮ್ನೆ ಕೂತಿರುತ್ತದೆ, ಕಣ್ಣಿಗೇ ಬೀಳುವುದಿಲ್ಲ. ಮಳೆ ಹಿಡಿದ ಮೇಲೆ ಉಬ್ಬುತ್ತದೆ. ಏಪ್ರಿಲ್‌ನಲ್ಲಿ ಮೊಳೆ ಹೊಡೆದವರಿಗೆ ಅದು ಮೊಳೆಯ ಫಲ ಅಂತ ಅನ್ನಿಸುವುದು ಸಹಜ, ಅಲ್ವಾ? ನಂಬಿ ಹಂಚಿದವರ ಮೇಲೆ ನನಗೆ ಸಿಟ್ಟಿಲ್ಲ. ಮರದ ಬಗ್ಗೆ ಮಾತ್ರ ಸಂಕಟ. ಆ ಗಾಯದಿಂದಲೇ ಶಿಲೀಂಧ್ರ ಒಳಗೆ ಹೋಗಬಹುದು.

ಇಂಥ ಸಂದೇಶ ಬಂದಾಗ ಒಂದೇ ಪ್ರಶ್ನೆ ಕೇಳಿ: ಮೊಳೆ ಹೊಡೆಯದ ಪಕ್ಕದ ಮರ ಏನಾಯಿತು? ಊರಲ್ಲಿ ಅಂಥ ನಾಲ್ಕು ಮರ ನೋಡಿ ಬಂದರೆ ಸಾಕು.

ಕಾಯಿ ಬಿಡದ್ದಕ್ಕೆ ಕಾರಣ ಬೇರೆ. ಬೀಜದ ಗಿಡವಾದರೆ ಆರೇಳು ವರ್ಷ ಕಾಯಬೇಕು, ಕಸಿ ಗಿಡ ಮೂರು-ನಾಲ್ಕು ವರ್ಷಕ್ಕೇ ಬಿಡುತ್ತದೆ. ಅಡಿಕೆ ತೋಟದ ನೆರಳಲ್ಲಿ ನೆಟ್ಟರೆ ಸೊರಗುತ್ತದೆ, ಬಿಸಿಲು ಬೇಕು. ಒಂಟಿ ಮರದಲ್ಲಿ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಜಾಗ ಇದ್ದರೆ ಕೃಷ್ಣ, ಕಾಂಚನದಂಥ ಎರಡು ಬೇರೆ ತಳಿ ಹತ್ತಿರ ನೆಡಿ.