ಮ್ಯಾಸಿಗೆ ಬಿಸಿನೀರ ಸ್ನಾನ

14 ಡಿಗ್ರಿ ಅಂದ್ರೆ ಚಳಿ ಅಲ್ಲವಂತೆ. ಮೂರು ವಾರದಿಂದ ದಿನಾ ಬೆಳಿಗ್ಗೆ ಇದೇ ಮಾತು ಕೇಳಿ ಕೇಳಿ ನನ್ನ ತಲೆ ಕೆಟ್ಟಿದೆ. ನೀವೇ ಹೇಳಿ, ವರ್ಷದ ಮುಕ್ಕಾಲು ಭಾಗ ಬಿಸಿಲಲ್ಲಿ ಸುಟ್ಟುಕೊಂಡ ಕೊಪ್ಪಳದ ಮೈಗೆ 14 ಡಿಗ್ರಿ ಸಣ್ಣ ಮಾತಾ? ನಮ್ಮ ಓಣಿಯಲ್ಲಿ ಜನ ಸ್ವೆಟರ್ ಮೇಲೆ ಟವೆಲ್, ಟವೆಲ್ ಮೇಲೆ ಕಂಬಳಿ ಹೊದ್ದು, ಮಂಗನ ಟೋಪಿಯಲ್ಲಿ ಎರಡು ಕಣ್ಣು ಮಾತ್ರ ಹೊರಗಿಟ್ಟು ಓಡಾಡ್ತಾರೆ. ಯಾರು ಯಾರು ಅಂತಾನೇ ಗೊತ್ತಾಗಲ್ಲ. ಕೊಟ್ಟ ಸಾಲ ಕೇಳೋಕೆ ಬಂದವನನ್ನು ಸೋದರಮಾವ ಅಂದುಕೊಂಡು ಒಳಗೆ ಕರೆದು ಚಹಾ ಕುಡಿಸಿದ್ದೇನೆ.

ಬಳ್ಳಾರಿ, ರಾಯಚೂರು, ಕೊಪ್ಪಳ ಅಂದ್ರೆ ಎರಡೇ ಕಾಲ, ಬೇಸಿಗೆ ಮತ್ತು ಜಾಸ್ತಿ ಬೇಸಿಗೆ ಅಂತ ನಗೋ ಜನ ಇದ್ದಾರಲ್ಲ, ಅವರಲ್ಲಿ ಮೂವರು ನನ್ನ ಫೋನಿನಲ್ಲೇ ಇದ್ದಾರೆ. ನಮ್ಮನ್ನು ಒಟ್ಟು ಹಾಕಿದ್ದು ಹಳೇ ಟ್ರ್ಯಾಕ್ಟರ್ ಹುಚ್ಚು. ಈ ದಿನಗಳಲ್ಲಿ ಹೊಲದಲ್ಲಿ ಕೆಲಸ ಕಮ್ಮಿ. ಬಿಳಿಜೋಳ ತೆನೆ ಹಿಡಿದು ನಿಂತಿದೆ, ಕಡಲೆ ಕಾಯಿ ಕಟ್ಟಿದೆ, ಮನುಷ್ಯ ಸುಮ್ನೆ ಇದ್ದರೆ ಸಾಕು. ಆ ಒಂದು ಕೆಲಸ ನಮಗ್ಯಾರಿಗೂ ಬರಲ್ಲ. ಹಾಗಾಗಿ ಬೆಳಿಗ್ಗೆ ಆರಕ್ಕೇ ಕಾನ್ಫರೆನ್ಸ್ ಕಾಲ್.

ಒಬ್ಬರು ಮಂಡ್ಯ ಕಡೆಯ ಗೌಡ್ರು. ಅವರದು ಐಷರ್, ಒಂದೇ ಸಿಲಿಂಡರ್, ಗಾಳಿಯಲ್ಲೇ ತಣ್ಣಗಾಗೋ ಇಂಜನ್. ಇಂಡಿಯಾದಲ್ಲಿ ತಯಾರಾದ ಮೊದಲನೇ ಟ್ರ್ಯಾಕ್ಟರ್ 1959ರಲ್ಲಿ ಫರೀದಾಬಾದಿನ ಐಷರ್ ಕಾರ್ಖಾನೆಯಿಂದ ಹೊರಬಂತು ಅನ್ನೋದನ್ನ ವಾರಕ್ಕೆ ಒಂದು ಸಲವಾದರೂ ಹೇಳ್ತಾರೆ, ಅದು ತಮ್ಮ ಹಿತ್ತಲಿಂದಲೇ ಹೊರಬಂದ ಹಾಗೆ. ನಾನು ಬಿಡಲ್ಲ. 2005ರಲ್ಲಿ ನಿಮ್ಮ ಐಷರ್ ಟ್ರ್ಯಾಕ್ಟರನ್ನ ನಮ್ಮ ಮ್ಯಾಸಿ ಟ್ರ್ಯಾಕ್ಟರ್ ಮಾಡೋ ಟಾಫೆ ಕಂಪನಿಯವರೇ ಕೊಂಡ್ರು, ಈಗ ನೀವು ನಮ್ಮನೆ ಸೊಸೆ ಅಂತೀನಿ. ಗೌಡ್ರಿಗೆ ಆಗ ಮಾತ್ರ ನೆಟ್‌ವರ್ಕ್ ಇರಲ್ಲ.

ಇನ್ನೊಬ್ಬರು ಸರ್ದಾರ್ಜಿ. ಭಟಿಂಡಾ ಹತ್ತಿರದ ಹಳ್ಳಿಯವರು. ಭತ್ತ ಕೊಯ್ಯೋ ಮಷಿನ್ ತಗೊಂಡು ನಾಲ್ಕೈದು ಸುಗ್ಗಿ ಗಂಗಾವತಿ, ಕಾರಟಗಿ ಕಡೆ ಬಂದಿದ್ದರು. ಕನ್ನಡ ಕಲಿತಿದ್ದು ಕ್ಯಾಂಪಿನ ಚಹಾದಂಗಡಿಯಲ್ಲಿ, ಹಾಗಾಗಿ ಅವರ ಕನ್ನಡದಲ್ಲಿ ಬೈಗುಳ ಬಹಳ ಸ್ಪಷ್ಟ. ಮನೆಯಲ್ಲಿ ಫೋರ್ಡ್ 3600 ಇದೆ, ಅದಕ್ಕೆ ಇಂಜನ್‌ಗಿಂತ ದೊಡ್ಡ ಸ್ಪೀಕರ್ ಇದೆ. ಚಳಿಯ ವಿಷಯದಲ್ಲಿ ನನ್ನ ಮೊದಲನೇ ವೈರಿ ಇವರೇ. "ಅಣ್ಣಾ, ಹದಿನಾಲ್ಕು? ಇಲ್ಲಿ ಮೂರು ಐತಿ. ಹದಿನಾಲ್ಕು ಬಂದ್ರ ನಾವು ಫ್ಯಾನ್ ಹಚ್ಚೋದು."

ಮೂರನೆಯವರು ಬೈಲಹೊಂಗಲದ ಕಾಕಾ. ಇವರ ವಿಷಯ ಸ್ವಲ್ಪ ಜಾಸ್ತಿನೇ ಹೇಳಬೇಕು.

ಕಾಕಾನ ಗಾಡಿ ಎಚ್‌ಎಂಟಿ 2511, ಅವರ ಬಾಯಲ್ಲಿ ಬರೀ "ಝೀಟರ್". ಎರಡು ಸಿಲಿಂಡರ್, 25 ಎಚ್‌ಪಿ. 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಎಚ್‌ಎಂಟಿಯವರು ಚೆಕೊಸ್ಲೊವಾಕಿಯಾದ ಝೀಟರ್ ಜೊತೆ ಸೇರಿ ಟ್ರ್ಯಾಕ್ಟರ್ ಮಾಡೋಕೆ ಶುರು ಮಾಡಿದ್ದು, ಅದಕ್ಕೇ ಆ ಹೆಸರು. 2016ರಲ್ಲಿ ಸರ್ಕಾರ ಆ ಟ್ರ್ಯಾಕ್ಟರ್ ವಿಭಾಗ ಮುಚ್ಚೋ ತೀರ್ಮಾನ ಮಾಡಿದಾಗ ಕಾಕಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಇರಲಿ. ತೊಂದರೆ ಇರೋದು ಅವರ ಒಂದು ಚಟದಲ್ಲಿ. ನಾವು ನಮಸ್ಕಾರ ಅನ್ನೋಷ್ಟರಲ್ಲಿ "ತಡಿ, ತಡಿ, ಕೇಳು" ಅಂತಾರೆ. ಆಮೇಲೆ ಗಾಡಿ ಚಾಲೂ ಮಾಡಿ, ಬಾನೆಟ್ ಪಕ್ಕ ನಿಂತು, ಕೈ ಮೇಲೆತ್ತಿ ಫೋನನ್ನು ಸೈಲೆನ್ಸರ್ ಬಾಯಿಗೆ ಹಿಡೀತಾರೆ. ನಮಗೆ ಕೇಳಿಸೋದು ಡಬ್ಬದಲ್ಲಿ ಕಲ್ಲು ಹಾಕಿ ಕುಲುಕಿದ ಸದ್ದು. ಫೋನ್ ಅವರ ಕಿವಿಯಿಂದ ಒಂದೂವರೆ ಮೊಳ ದೂರ ಇರೋದರಿಂದ ನಾವು ಸಾಕು ಅಂತ ಕಿರುಚಿದರೂ ಅವರಿಗೆ ಮುಟ್ಟಲ್ಲ. ಎರಡು ನಿಮಿಷ. ಮನಸ್ಸು ಬಂದ ದಿನ ನಾಲ್ಕು. ಕಟ್ ಮಾಡಿದರೆ ಮತ್ತೆ ಫೋನ್ ಮಾಡಿ ಮೊದಲಿಂದ ಹಿಡೀತಾರೆ.

ಅದು ಮುಗಿದ ಮೇಲೆ ಪರೀಕ್ಷೆ. "ನಿನ್ನಿಗೂ ಇವತ್ತಿಗೂ ಏನ್ ಫರಕ್ ಐತಿ, ಹೇಳು." ಫರಕ್ ಇಲ್ಲ ಅಂದ್ರೆ ಸಿಟ್ಟು. ಇದೆ ಅಂದ್ರೆ ಏನು ಅಂತ ಹೇಳಬೇಕು. ಗೌಡ್ರು ಜಾಣರು, "ಇವತ್ತು ವಸಿ ನುಣ್ಣಗೈತೆ ಬುಡಿ ಕಾಕಾ" ಅಂತ ದಿನಾ ಅದೇ ಮಾತು ಹೇಳಿ ಪಾರಾಗ್ತಾರೆ. ಹೋದ ಡಿಸೆಂಬರಿನಿಂದ ಲೆಕ್ಕ ಹಾಕಿದರೆ ಆ ಝೀಟರ್ ಇಷ್ಟರಲ್ಲಿ ಬೆಣ್ಣೆ ಆಗಿರಬೇಕಿತ್ತು.

ತಮ್ಮದು ಕೇಳಿಸಿದ್ದು ಸಾಲದು ಅಂತ ನಮ್ಮ ಗಾಡಿಗಳ ರೋಗವನ್ನೂ ಫೋನಲ್ಲೇ ಕೇಳಿ ಹೇಳ್ತಾರೆ. ಒಂದಿನ ನಾನು ಮಾತಾಡ್ತಿದ್ದಾಗ ತಟ್ಟನೆ ತಡೆದು, "ನಿಂದು ಎರಡನೇ ಸಿಲಿಂಡರ್ ಸರಿ ಉರಿವಲ್ದು, ಇಂಜೆಕ್ಟರ್ ಬಿಚ್ಚಿಸು" ಅಂದರು. ಕಾಕಾ, ಗಾಡಿ ಚಾಲೂನೇ ಇಲ್ಲ, ಹಿಂದೆ ನಮ್ಮಪ್ಪ ಕೆಮ್ಮಾಕತ್ಯಾರ ಅಂದೆ. ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ, "ಆದ್ರೂ ಒಮ್ಮೆ ತೋರಸೂದು ಛಲೋ" ಅಂದರು.

ಈಗ ಮೊನ್ನೆಯ ಕಥೆಗೆ ಬರ್ತೀನಿ.

ಬನದ ಹುಣ್ಣಿಮೆಯಾದ ಎರಡನೇ ದಿನಕ್ಕೆ ಕೊಪ್ಪಳದ ಗವಿಮಠದ ತೇರು. ಅದಕ್ಕೆ ವಾರ ಮುಂಚಿನಿಂದಲೇ ಊರೂರಿನಲ್ಲಿ ರೊಟ್ಟಿ ಬಡಿಯೋ ಸದ್ದು. ಮಹಾದಾಸೋಹಕ್ಕೆ ಜೋಳದ ರೊಟ್ಟಿ, ಮಾದಲಿ, ಕಾಳು ಕಡಿ ಎಲ್ಲ ಟ್ರ್ಯಾಕ್ಟರ್‌ನಲ್ಲಿ ಹೇರಿಕೊಂಡು ಮೆರವಣಿಗೆ ಮಾಡ್ಕೊಂಡು ಹೋಗೋದು. ನಮ್ಮ ಓಣಿಯಲ್ಲಿ ಈಗ 50 ಎಚ್‌ಪಿ ಹೊಸ ಗಾಡಿಗಳು ಬೇಕಾದಷ್ಟಿವೆ. ಆದರೆ 1986ರಲ್ಲಿ ಅಪ್ಪ ಸಾಲ ಮಾಡಿ ತಂದ ಮ್ಯಾಸಿ 1035 ಓಣಿಯ ಮೊದಲ ಟ್ರ್ಯಾಕ್ಟರ್. ಹಾಗಾಗಿ ಗವಿಮಠದ ಅಜ್ಜನ ರೊಟ್ಟಿ ಇದರಲ್ಲೇ ಹೋಗಬೇಕು. ಹಿಂದಿನ ಸಂಜೆ ನಾನೇ ನಿಂತು ತೊಳೆದೆ. ಚೆಂಡು ಹೂವಿನ ಸರ ಬಾನೆಟ್‌ಗೆ, ಸ್ಟೇರಿಂಗ್‌ಗೆ, ಇನ್ನೂ ಒಂದು ಮೊಳ ಉಳಿದಿತ್ತು, ಅದನ್ನೂ ಸುಮ್ನೆ ಯಾಕೆ ಬಿಡೋದು ಅಂತ ಡ್ಯಾಶ್‌ಬೋರ್ಡ್ ಹತ್ತಿರ ಎಲ್ಲೋ ಸಿಗಿಸಿದೆ. ಫೋಟೊ ತೆಗೆದು ಮೂವರಿಗೂ ಕಳಿಸಿದೆ.

ಬೆಳಿಗ್ಗೆ ಆರೂವರೆ. ರೊಟ್ಟಿ ಬುಟ್ಟಿಗಳು ಟ್ರಾಲಿ ಹತ್ತಿ ಆಗಿತ್ತು. ಡೊಳ್ಳಿನವರು ಬಂದು ಚಳಿಗೆ ಡೊಳ್ಳನ್ನು ಬೆಂಕಿಗೆ ಕಾಯಿಸ್ತಿದ್ದರು. ಸೆಲ್ಫ್ ಹೊಡೆದೆ. ಖರ್ರ್ ಖರ್ರ್ ಖರ್ರ್. ಇಲ್ಲ. ಮತ್ತೆ ಹೊಡೆದೆ. ಇಲ್ಲ. ಹೊಗೆ ಕೂಡ ಇಲ್ಲ.

ಸತ್ಯ ಹೇಳಬೇಕು ಅಂದ್ರೆ ನನಗೆ ಒಳಗೊಳಗೇ ಖುಷಿಯಾಯ್ತು. ಫೋನ್ ತೆಗೆದು ಮೂವರನ್ನೂ ಹಿಡಿದೆ. "ನೋಡ್ರಿ ಸರ್ದಾರ್ಜಿ, ಚಳಿಗೆ ನಮ್ಮ ಗಾಡಿ ಚಾಲೂ ಆಗವಲ್ದು!" ಅಂತ ಹೆಮ್ಮೆಯಿಂದ ಹೇಳಿದೆ. "ಹದಿನಾಲ್ಕಕ್ಕ?" ಅಂದರು ಅವರು. "ಚಳಿ ಅಲ್ಲಣ್ಣಾ, ಬ್ಯಾರೆ ಏನೋ ಐತಿ. ನೋಡು." ನೋಡಲಿಲ್ಲ. ನೋಡೋದಾದರೆ ನನ್ನ ಮೂರು ವಾರದ ವಾದ ಏನಾಗಬೇಕು? ಡೀಸೆಲ್ ಇಂಜನ್‌ನಲ್ಲಿ ಕಿಡಿ ಹಾರಿಸೋ ಪ್ಲಗ್ ಇರಲ್ಲ, ಒಳಗಿನ ಗಾಳಿ ಒತ್ತಿಸಿಕೊಂಡು ಕಾದ ಕಾವಿಗೇ ಡೀಸೆಲ್ ಹತ್ತಿಕೊಳ್ಳಬೇಕು, ಚಳಿಯಲ್ಲಿ ಆ ಕಾವನ್ನು ತಣ್ಣಗಿನ ಕಬ್ಬಿಣವೇ ಕುಡಿದುಬಿಡುತ್ತೆ ಅಂತ ನಾನು ಅವರಿಗೇ ಪಾಠ ಮಾಡಿದೆ. ಮೂರು ಡಿಗ್ರಿಯಲ್ಲಿ ಕೂತವರಿಗೆ.

ಗೌಡ್ರು "ಬ್ಯಾಟ್ರಿ ವೈರ್ ಬಿಗಿ ಮಾಡಿ ನೋಡಿ" ಅಂದರು. ಮಾಡಿದೆ. ಕಾಕಾ "ಏರ್ ಹಿಡದೈತಿ, ಬ್ಲೀಡ್ ಮಾಡು" ಅಂದರು. ಪಾನಾ ತಂದು ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲೋತನಕ ಕೈಪಂಪ್ ಒತ್ತಿದೆ. ಕೈ, ತೋಳು, ಜಾತ್ರೆಗೆ ಅಂತ ಹಾಕಿದ ಬಿಳಿ ಅಂಗಿ ಎಲ್ಲ ಡೀಸೆಲ್. ಇಲ್ಲ. ಹಾಗಾದರೆ ಬಿಸಿನೀರೇ ಗತಿ ಅಂತ ಬಚ್ಚಲಿಗೆ ಓಡಿದೆ. ಹಂಡೆಯಲ್ಲಿ ನೀರು ಹದವಾಗಿ ಕಾದಿತ್ತು. ರೇಡಿಯೇಟರ್‌ನ ತಣ್ಣೀರು ಇಳಿಸಿ, ಎರಡು ಕೊಡ ಬಿಸಿನೀರು ಸುರಿದೆ. ಉಳಿದಿದ್ದನ್ನು ತಂಬಿಗೆಯಲ್ಲಿ ತಗೊಂಡು ಇಂಜನ್ ಮೇಲೆ, ಪೈಪಿನ ಮೇಲೆ, ಕೂಸಿಗೆ ಎರೆದ ಹಾಗೆ ಎರೆದೆ. ಹಬೆ ಎದ್ದಿತು. ಡೊಳ್ಳಿನವರು ಏನೋ ಪೂಜೆ ಅಂದುಕೊಂಡು ಎರಡು ಪೆಟ್ಟು ಬಾರಿಸಿದರು.

ಖರ್ರ್ ಖರ್ರ್. ಇಲ್ಲ.

"ಇಂಜೆಕ್ಟರ್ ಪೈಪ್ ನಟ್ ಸಡ್ಲ ಮಾಡಿ ಸೆಲ್ಫ್ ಹೊಡಿ, ಡೀಸೆಲ್ ಬರತೈತೇನ್ ನೋಡು" ಅಂದರು ಕಾಕಾ. ಒಂದು ಹನಿ ಬರಲಿಲ್ಲ. "ಮುಗೀತು" ಅಂದರು, ಡಾಕ್ಟರು ಹೊರಗೆ ಬಂದು ಹೇಳೋ ಧ್ವನಿಯಲ್ಲಿ. "ಪಂಪ್ ಹೋತು. ಹುಬ್ಬಳ್ಳಿಗೇ ಒಯ್ಯಬೇಕು." ಓಣಿಯ ಹೆಂಗಸರು ನನ್ನನ್ನು ನೋಡೋ ರೀತಿ ಬದಲಾಯ್ತು. ಹೊಸ ಗಾಡಿಯ ಹುಡುಗ ಕೀಲಿ ಕುಣಿಸುತ್ತಾ, "ಅಣ್ಣಾರ, ಟ್ರಾಲಿ ನಂದಕ್ಕ ಹಚ್ಚಲೇನ್ರಿ?" ಅಂದ.

ಅಷ್ಟರಲ್ಲಿ ಬಚ್ಚಲಿಂದ ಒಂದು ಕೂಗು. "ಹಂಡ್ಯಾನ ನೀರೆಲ್ಲಿ?" ಮೈಗೆಲ್ಲ ಎಣ್ಣೆ ತಿಕ್ಕಿಕೊಂಡ ಅಪ್ಪ, ಸೊಂಟಕ್ಕೆ ಟವೆಲ್, ಹಲ್ಲು ಕಟಕಟ ಅನ್ನಿಸುತ್ತಾ ಅಂಗಳಕ್ಕೆ ಬಂದರು. ನನ್ನನ್ನು ನೋಡಿದರು. ತಂಬಿಗೆ ನೋಡಿದರು. ಹಬೆಯಾಡೋ ಇಂಜನ್ ನೋಡಿದರು. ಏನೂ ಕೇಳಲಿಲ್ಲ. ಹತ್ತಿರ ಬಂದು ಡ್ಯಾಶ್‌ಬೋರ್ಡಿನ ಆ ಒಂದು ಮೊಳ ಚೆಂಡು ಹೂವಿನೊಳಗೆ ಕೈ ಹಾಕಿ ಏನನ್ನೋ ಒಳಕ್ಕೆ ತಳ್ಳಿದರು. "ಈಗ ಹೊಡಿ."

ಅಲ್ಲಿದ್ದಿದ್ದು ಸ್ಟಾಪ್ ಗುಂಡಿ. ಗೊತ್ತಲ್ಲ, ಹಳೇ ಡೀಸೆಲ್ ಗಾಡಿ ಕೀಲಿ ತಿರುಗಿಸಿದರೆ ಬಂದ್ ಆಗಲ್ಲ, ಆ ಗುಂಡಿ ಎಳೆದು ಡೀಸೆಲ್ ನಿಲ್ಲಿಸಬೇಕು, ಮತ್ತೆ ಒಳಗೆ ತಳ್ಳೋತನಕ ಪಂಪಿಂದ ಹನಿಯೂ ಬರಲ್ಲ. ಹಿಂದಿನ ಸಂಜೆ ಎಳೆದವನು ನಾನು, ತಳ್ಳದೆ ಬಿಟ್ಟವನು ನಾನು, ಹೊರಗೆ ಚಾಚಿಕೊಂಡಿದೆ, ಸರ ಸಿಗಿಸೋಕೆ ಚೆನ್ನಾಗಿದೆ ಅಂತ ಅದಕ್ಕೇ ಹೂ ಹಾಕಿದವನೂ ನಾನೇ.

ಸಡಿಲ ಮಾಡಿದ್ದ ನಟ್ ಬಿಗಿದು ಸೆಲ್ಫ್ ಹೊಡೆದೆ. ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು. ಡೊಳ್ಳು ಶುರುವಾಯ್ತು. ಫೋನ್ ಕಟ್ ಮಾಡಿಲ್ಲ ಅಂತ ನೆನಪಾಗಿದ್ದು ಅದರೊಳಗಿಂದ ಸರ್ದಾರ್ಜಿ ನಗೋದು ಕೇಳಿದಾಗ. ಡೊಳ್ಳಿಗಿಂತ ಜೋರಾಗಿತ್ತು.

ಅವತ್ತಿಂದ ದಿನಾ ಬೆಳಿಗ್ಗೆ ಯಾರೂ ನಮಸ್ಕಾರ ಅನ್ನಲ್ಲ. "ಗುಂಡಿ ಒತ್ತೀಯೇನಪಾ?" ಅಂತಾರೆ. ಪಂಪ್ ಹೋಗಿದೆ, ಹುಬ್ಬಳ್ಳಿಗೆ ಒಯ್ಯಿ ಅಂದ ಕಾಕಾನೂ ಕೇಳ್ತಾರೆ, ನಾಚಿಕೆ ಇಲ್ಲದೆ.

ಆದರೂ ಕಾಕಾನ ಮೇಲೆ ಪೂರ್ತಿ ಸಿಟ್ಟು ಮಾಡೋಕೆ ಆಗಲ್ಲ. ಗೌಡ್ರು ಒಂದು ಸಲ ನನ್ನೊಬ್ಬನಿಗೇ ಫೋನ್ ಮಾಡಿ ಹೇಳಿದ್ದರು. ಕಾಕಾ ಹೊಲ ಲಾವಣಿಗೆ ಕೊಟ್ಟು ನಾಲ್ಕು ವರ್ಷ ಆಯ್ತಂತೆ. ಮಕ್ಕಳಿಬ್ಬರೂ ಪುಣೆಯಲ್ಲಿ. ಝೀಟರ್‌ಗೆ ಎಳೆಯೋಕೆ ಏನೂ ಇಲ್ಲ. ಬೆಳಿಗ್ಗೆ ಆರಕ್ಕೆ ಚಾಲೂ ಆಗುತ್ತೆ, ನಮಗೆ ಕೇಳಿಸುತ್ತೆ, ಬಂದ್ ಆಗುತ್ತೆ. ಅದರ ಇಡೀ ದಿನದ ದುಡಿಮೆ ಅಷ್ಟೇ. ಇದು ಗೊತ್ತಾದ ಮೇಲೆ ಎರಡು ನಿಮಿಷ ಫೋನ್ ಕಿವಿಗೆ ಹಿಡಿದುಕೊಂಡೇ ಇರ್ತೀನಿ. ಮೂರನೇ ನಿಮಿಷಕ್ಕೆ ಮತ್ತೆ ಸಿಟ್ಟು ಬರುತ್ತೆ, ಅದು ಬೇರೆ ಮಾತು.

ನಿನ್ನೆ ಕೈಯಲ್ಲಿ ಚಹಾ ಇತ್ತು, ಹಾಗಾಗಿ ಸ್ಪೀಕರ್‌ಗೆ ಹಾಕಿದ್ದೆ. ಕಾಕಾ ಸೈಲೆನ್ಸರ್‌ಗೆ ಹಿಡಿದಿದ್ದರು. ಬೆಂಕಿ ಕಾಯಿಸ್ತಾ ಕೂತಿದ್ದ ಅಪ್ಪ ಕಿವಿ ಈ ಕಡೆ ಮಾಡಿ, "ಯಾರ ಗಾಡಿ ಅದು? ಟ್ಯಾಪೆಟ್ ಬಡಿಯಾಕತ್ತೈತಿ, ಸೆಟ್ ಮಾಡಿಸ್ಕೊ ಅನ್ನು" ಅಂದರು. ಕಾಕಾ ಫೋನ್ ಕಿವಿಗೆ ತಂದುಕೊಂಡ ಮೇಲೆ ಹಾಗೇ ಹೇಳಿದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ. ಬೇಜಾರಾಯ್ತೇನೋ ಅಂದುಕೊಂಡೆ.

"ಅವರಿಗೆ ಫೋನ್ ಕೊಡು" ಅಂದರು ಕಾಕಾ.

ಕೊಟ್ಟೆ. ಮುಕ್ಕಾಲು ಗಂಟೆ ಆಯ್ತು. ಇವತ್ತು ಆರಕ್ಕೆ ರಿಂಗ್ ಆದಾಗ ನಾನು ಕೈ ಚಾಚೋಷ್ಟರಲ್ಲಿ ಅಪ್ಪನೇ ಎತ್ತಿಕೊಂಡು ಮ್ಯಾಸಿ ಹತ್ತಿರ ಹೊರಟಿದ್ದರು, ಕೈ ಮೇಲೆತ್ತಿ, ಫೋನನ್ನು ಸೈಲೆನ್ಸರ್ ಕಡೆ ಹಿಡಿದು. ಅವರ ಸ್ನಾನದ ನೀರು ಮತ್ತೆ ತಣ್ಣಗಾಯ್ತು. ಒಲೆ ಊದೋ ಕೆಲಸ ನನಗೆ ಬಂದಿದೆ.