ಬಿದ್ದವನದೇ ತಪ್ಪಂತೆ!

ನನ್ನ ಭಾವ ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ, ಸರಕು ಸಾಗಿಸುವ ಬಾರ್ಜ್‌ಗೆ ಹತ್ತಲು ಹಾಕಿದ ಹಲಗೆಯಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಾನೆ. ನೀರಿಗೆ ಬಿದ್ದಿದ್ದರೆ ಈಜಿ ಬರುತ್ತಿದ್ದ. ಬಿದ್ದದ್ದು ಬಾರ್ಜ್‌ನ ಕಬ್ಬಿಣದ ಅಂಚಿನ ಮೇಲೆ. ಆಸ್ಪತ್ರೆಗೆ ಬಂದ ಮಾಲೀಕನ ಕಡೆಯವರು ಬಾಯಿ ತೆರೆದದ್ದೇ "ಕುಡಿದಿದ್ದನೇ?" ಎಂದು.

ಲಕ್ಷದ್ವೀಪಕ್ಕೆ ಹೋಗುವ ಸಿಮೆಂಟ್, ಜಲ್ಲಿ, ತರಕಾರಿ ಈ ದಕ್ಕೆಯಿಂದ ಹೊರಡುತ್ತವೆ. ಚೀಲವೊಂದಕ್ಕೆ 50 ಕಿಲೋ. ತಲೆಯ ಮೇಲಿನ ಚೀಲಕ್ಕೇ ಎರಡೂ ಕೈ ಬೇಕು, ಕಾಲ ಬುಡ ಕಾಣುವುದಿಲ್ಲ. ಅಳಿವೆಯ ನೀರು ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ಬೆಳಿಗ್ಗೆ ಉಬ್ಬರದಲ್ಲಿ ಮಟ್ಟವಾಗಿದ್ದ ಹಲಗೆ ಮಧ್ಯಾಹ್ನದ ಇಳಿತಕ್ಕೆ ಜಾರುಬಂಡಿಯಾಗಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಬಂದರಂತೂ ಕೇಳುವುದೇ ಬೇಡ. ಅದರ ಮೇಲೆ, ಮಳೆಗಾಲವಿಡೀ ಹೊರಗೆ ನೆನೆದು ಪಾಚಿ ಹಿಡಿದ ಹಲಗೆಯನ್ನೇ ಸೀಸನ್ ಶುರುವಾದ ಕೂಡಲೇ ಎಳೆದು ಹಾಕುತ್ತಾರೆ. ಉಜ್ಜಿ ತೊಳೆದು ಅಡ್ಡಪಟ್ಟಿ ಹೊಡೆಯಲು ಒಬ್ಬ ಬಡಗಿಗೆ ಅರ್ಧ ದಿನ ಸಾಕು! ಪಕ್ಕದಲ್ಲಿ ಹಿಡಿಕಂಬಿ ಕಟ್ಟಿದರೂ ಚೀಲ ಹೊತ್ತವನಿಗೆ ಹಿಡಿಯಲಾಗದು ಎನ್ನುತ್ತಾನೆ ಮೇಸ್ತ್ರಿ. ಸರಿ, ಹಾಗಾದರೆ ಹಲಗೆಯನ್ನು ಅಗಲ ಮಾಡಿ, ಕೆಳಗೆ ಬಲೆ ಕಟ್ಟಿ. ಮೀನುಗಾರರ ಊರಿನಲ್ಲಿ ಬಲೆಗೆ ಬರವೇ?

ಕುಡಿತದ ಪ್ರಶ್ನೆ ಏಕೆ ಬಂತೆಂದು ಆಮೇಲೆ ವಕೀಲರೊಬ್ಬರು ಬಿಡಿಸಿ ಹೇಳಿದರು. ಕೆಲಸದಲ್ಲಿ ಗಾಯಗೊಂಡವನಿಗೆ ಪರಿಹಾರ ಕೊಡಬೇಕೆಂದು 1923ರಲ್ಲೇ ಕಾಯ್ದೆ ಬಂದಿತ್ತು. ಬರಿಯ ಅಜಾಗರೂಕತೆ ಎಂದು ಹೇಳಿ ಮಾಲೀಕ ಅದರಿಂದ ನುಣುಚಿಕೊಳ್ಳುವಂತಿಲ್ಲ. ಆದರೆ ಕುಡಿದ ಅಮಲಿನಿಂದಲೇ ಗಾಯವಾಯಿತೆಂದು ತೋರಿಸಿದರೆ ದಾರಿ ಇದೆ. ಹೊಟ್ಟೆಪಾಡಿಗೆ ಹೊರೆ ಹೊರುವವನ ಬಾಯಿ ಮೂಸಲು ಎಷ್ಟು ಅವಸರ! ದಕ್ಕೆ (ಡಾಕ್) ಕಾರ್ಮಿಕರ ಸುರಕ್ಷತೆಗೆಂದೇ 1986ರಲ್ಲಿ ಬೇರೆ ಕಾಯ್ದೆಯೂ ಬಂತು. ಆ ಹಲಗೆಯ ಹತ್ತಿರ ನಿಂತವನಿಗೆ ಅದರ ಗಾಳಿಯೂ ಸೋಕಿಲ್ಲ.

ಈಗ ಒಂದಿಷ್ಟು ಹಣ ಕೈಗಿಟ್ಟು, ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಓಡಾಡುತ್ತಿದ್ದಾರೆ. ಭಾವ ಓದು ಬರಹ ಬಲ್ಲವನು, ಅದೂ ಅವರಿಗೆ ಗೊತ್ತಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರೇ ಇಲ್ಲವಂತೆ. ಇಷ್ಟು ವರ್ಷ ಚೀಲ ಹೊತ್ತದ್ದು ಯಾರು, ಭೂತವೇ?

ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟಾಗಿದೆ. ಮರುದಿನವೇ ಮೇಸ್ತ್ರಿಯ ಫೋನ್: "ಹೀಗೆಲ್ಲ ಮಾಡಿದರೆ ಮುಂದಿನ ಸೀಸನ್‌ನಲ್ಲಿ ಕೆಲಸ ಸಿಗುವುದಿಲ್ಲ, ನೋಡಿ." ಮಗ್ಗುಲು ಬದಲಿಸಲೂ ಇಬ್ಬರು ಬೇಕಾದವನಿಗೆ ಮುಂದಿನ ಸೀಸನ್ನಿನ ಹೆದರಿಕೆ ಹಾಕುತ್ತಾರೆ!